ಕಾಯಿದೆಯ ಮಾತು, ಸಮುದಾಯದ ಕಿವಿ: ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದಲ್ಲಿ ದಯಾಮರಣ ಕಾಯಿದೆಯ ರಾಜಕೀಯ ಇತಿಹಾಸ

೧. ಪೀಠಿಕೆ

ಸಾವು ಜಾನಪದ ಅಧ್ಯಯನದ ಹಳೆಯ ವಸ್ತು. ಸೂತಕದ ಕಟ್ಟಳೆಗಳು, ಶವಸಂಸ್ಕಾರದ ವಿಧಿಗಳು, ಶೋಕದ ಹಾಡುಗಳು, ಪ್ರೇತಕಲ್ಪನೆಗಳು ಇವುಗಳನ್ನು ಕುರಿತು ಕನ್ನಡದಲ್ಲಿಯೂ ಸಾಕಷ್ಟು ಸಂಗ್ರಹ ಮತ್ತು ವಿಶ್ಲೇಷಣೆ ನಡೆದಿದೆ. ಆದರೆ ಆಧುನಿಕ ಪ್ರಭುತ್ವವು ಸಾವನ್ನು ಕುರಿತು ಕಾಯಿದೆಯೊಂದನ್ನು ರೂಪಿಸಿದಾಗ, ಆ ಕಾಯಿದೆ ಜನರ ಬಾಯಿಂದ ಬಾಯಿಗೆ ಸಾಗುತ್ತ ಯಾವ ಅರ್ಥಗಳನ್ನು ಪಡೆಯುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಈ ಪ್ರಶ್ನೆಗೆ ಉತ್ತರ ಹುಡುಕಲು ತಕ್ಕ ನಿದರ್ಶನವೊಂದು ಆಸ್ಟ್ರೇಲಿಯದ ಉತ್ತರ ಪ್ರಾಂತ್ಯ, ಅಂದರೆ ನಾರ್ದರ್ನ್ ಟೆರಿಟರಿಯ ಇತಿಹಾಸದಲ್ಲಿ ದೊರೆಯುತ್ತದೆ. ರೋಗಿಯ ಕೋರಿಕೆಯ ಮೇರೆಗೆ ವೈದ್ಯನು ಸಾವಿಗೆ ನೆರವಾಗಬಹುದೆಂಬ ಶಾಸನವು ಜಗತ್ತಿನಲ್ಲಿ ಮೊದಲು ಜಾರಿಗೆ ಬಂದದ್ದು ಅಲ್ಲಿ, ೧೯೯೬ರ ಜುಲೈ ೧ರಂದು. ಒಂಬತ್ತು ತಿಂಗಳೊಳಗೆ ಆಸ್ಟ್ರೇಲಿಯದ ಒಕ್ಕೂಟ ಸಂಸತ್ತು ಅದನ್ನು ನಿರರ್ಥಕಗೊಳಿಸಿತು.

ಈ ಘಟನಾವಳಿಯನ್ನು ಸಾಮಾನ್ಯವಾಗಿ ಎರಡು ಪಕ್ಷಗಳ ಕಾದಾಟವಾಗಿ ನಿರೂಪಿಸಲಾಗುತ್ತದೆ. ಒಂದು ಕಡೆ ವ್ಯಕ್ತಿಯ ಹಕ್ಕನ್ನು ಪ್ರತಿಪಾದಿಸುವವರು, ಇನ್ನೊಂದು ಕಡೆ ಜೀವದ ಪಾವಿತ್ರ್ಯವನ್ನು ಪ್ರತಿಪಾದಿಸುವವರು. ಈ ನಿರೂಪಣೆ ಸುಳ್ಳಲ್ಲ, ಆದರೆ ಅಪೂರ್ಣ. ಪ್ರಾಂತ್ಯದ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿದ್ದ ಮೂಲನಿವಾಸಿ ಸಮುದಾಯಗಳು ಈ ಕಾಯಿದೆಯನ್ನು ತಮ್ಮದೇ ರೀತಿಯಲ್ಲಿ ಕೇಳಿಸಿಕೊಂಡವು. ಆ ಕೇಳುವಿಕೆಯೇ ರಾಜಕೀಯ ಸಂಘರ್ಷದ ಒಂದು ಮುಖ್ಯ ವಸ್ತುವಾಯಿತು. ಅವರ ಮಾತು ಎರಡೂ ಪಕ್ಷಗಳಿಗೆ ಸಾಕ್ಷ್ಯವಾಗಿ ಒದಗಿತು. ನಿರ್ಧಾರವಾಗಿ ಮಾತ್ರ ಒಕ್ಕೂಟ ಸಂಸತ್ತಿನಲ್ಲಿ ಎಣಿಕೆಗೆ ಬರಲಿಲ್ಲ. ಈ ಅಂಶವನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲಿಯೇ ಕನ್ನಡದ ಎರಡು ಪದಗಳನ್ನು ಗಮನಿಸುವುದು ಉಚಿತ. ಈ ವಿಷಯಕ್ಕೆ ಕನ್ನಡದಲ್ಲಿ 'ದಯಾಮರಣ' ಮತ್ತು 'ಇಚ್ಛಾಮರಣ' ಎಂಬ ಎರಡು ಪದಗಳು ಬಳಕೆಯಲ್ಲಿವೆ. ಇಚ್ಛಾಮರಣವೆಂದರೆ ಭೀಷ್ಮನಿಗೆ ತಂದೆ ಶಂತನು ಕೊಟ್ಟ ವರ. ಅಲ್ಲಿ ಸಾಯುವವನ ಸಂಕಲ್ಪವೇ ಮುಖ್ಯ, ಎರಡನೆಯವನ ಕೈಗೆ ಸ್ಥಾನವಿಲ್ಲ. ಶ್ರವಣಬೆಳಗೊಳದ ನಿಸಿದಿ ಶಾಸನಗಳು ದಾಖಲಿಸುವ ಸಲ್ಲೇಖನವೂ ಸಾಧಕನ ಸ್ವಂತ ವ್ರತ. ಅದಕ್ಕೆ ಸಮುದಾಯ ಸಾಕ್ಷಿಯಾಗುತ್ತದೆಯೇ ಹೊರತು ಕರ್ತೃವಾಗುವುದಿಲ್ಲ. ದಯಾಮರಣ ಎಂಬ ಪದದಲ್ಲಾದರೋ ದಯೆ ತೋರುವ ಇನ್ನೊಬ್ಬನಿದ್ದಾನೆ. ಸಾವು ಯಾರದು, ಕೈ ಯಾರದು ಎಂಬ ಈ ವ್ಯತ್ಯಾಸವೇ ಉತ್ತರ ಪ್ರಾಂತ್ಯದ ವಿವಾದದ ನಡುವಿನಲ್ಲಿತ್ತು.

೨. ಪ್ರಾಂತ್ಯ ಮತ್ತು ಅದರ ಕಾಯಿದೆ

ಉತ್ತರ ಪ್ರಾಂತ್ಯದ ವಿಸ್ತೀರ್ಣ ಸುಮಾರು ೧೩.೫ ಲಕ್ಷ ಚದರ ಕಿಲೋಮೀಟರ್. ೧೯೯೬ರಲ್ಲಿ ಅಲ್ಲಿದ್ದ ಜನ ಎರಡು ಲಕ್ಷಕ್ಕಿಂತ ಕಡಿಮೆ. ರಾಜಧಾನಿ ಡಾರ್ವಿನ್. ಈ ಪ್ರದೇಶಕ್ಕೆ ಸ್ವಯಮಾಡಳಿತ ದೊರೆತದ್ದು ೧೯೭೮ರ ಜುಲೈ ೧ರಂದು. ಆದರೆ ಅದು ವಿಕ್ಟೋರಿಯ, ಕ್ವೀನ್ಸ್‌ಲ್ಯಾಂಡ್‌ಗಳಂತೆ ಪೂರ್ಣ ರಾಜ್ಯವಲ್ಲ. ಭಾರತದಲ್ಲಿ ಶಾಸನಸಭೆಯನ್ನು ಹೊಂದಿರುವ ಕೇಂದ್ರಾಡಳಿತ ಪ್ರದೇಶಗಳಿಗೆ ಸ್ಥೂಲವಾಗಿ ಹೋಲಿಸಬಹುದಾದ ಸ್ಥಾನ ಅದರದು. ಆಸ್ಟ್ರೇಲಿಯದ ಸಂವಿಧಾನದ ೧೨೨ನೆಯ ವಿಧಿಯು ಪ್ರಾಂತ್ಯಗಳ ಮೇಲೆ ಒಕ್ಕೂಟ ಸಂಸತ್ತಿಗೆ ಸಂಪೂರ್ಣ ಶಾಸನಾಧಿಕಾರ ನೀಡುತ್ತದೆ. ರಾಜ್ಯವೊಂದು ಇಂಥ ಕಾಯಿದೆ ಮಾಡಿದ್ದರೆ ಸಂಸತ್ತಿಗೆ ಇಷ್ಟು ಸುಲಭವಾಗಿ ಕೈಹಾಕಲು ಸಾಧ್ಯವಿರಲಿಲ್ಲ. ಈ ದುರ್ಬಲ ಸ್ಥಾನವೇ ಮುಂದಿನ ಎಲ್ಲ ಘಟನೆಗಳಿಗೆ ಭೂಮಿಕೆ.

ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದ ಮಾರ್ಷಲ್ ಪೆರಾನ್ ೧೯೯೫ರ ಫೆಬ್ರವರಿಯಲ್ಲಿ 'ಮಾರಣಾಂತಿಕ ರೋಗಿಗಳ ಹಕ್ಕುಗಳ ಮಸೂದೆ'ಯನ್ನು ಮಂಡಿಸಿದರು. ಅದು ಸರ್ಕಾರದ ಮಸೂದೆಯಾಗಿರದೆ ಖಾಸಗಿ ಸದಸ್ಯರ ಮಸೂದೆಯಾಗಿತ್ತು. ಸದಸ್ಯರು ಪಕ್ಷದ ಆದೇಶವಿಲ್ಲದೆ ಆತ್ಮಸಾಕ್ಷಿಗೆ ಅನುಗುಣವಾಗಿ ಮತ ಹಾಕುವ ಅವಕಾಶವಿತ್ತು. ಮಸೂದೆಯ ಪರಿಶೀಲನೆಗೆ ಸಭೆ ನೇಮಿಸಿದ ಆಯ್ಕೆ ಸಮಿತಿಯು ತನ್ನ ವರದಿಗೆ 'ವ್ಯಕ್ತಿಯ ಹಕ್ಕೋ, ಸಮಷ್ಟಿಯ ಹಿತವೋ?' ಎಂಬ ಅರ್ಥದ ಶೀರ್ಷಿಕೆಯನ್ನಿತ್ತಿತು. ೨೫ ಸದಸ್ಯರ ಏಕಸದನವು ೧೯೯೫ರ ಮೇ ೨೫ರ ನಸುಕಿನಲ್ಲಿ ೧೫ಕ್ಕೆ ೧೦ ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಆ ದಿನಗಳಲ್ಲಿಯೇ ಪೆರಾನ್ ಅಧಿಕಾರದಿಂದ ನಿವೃತ್ತರಾಗಿ, ಶೇನ್ ಸ್ಟೋನ್ ಮುಖ್ಯಮಂತ್ರಿಯಾದರು. ಹೀಗಾಗಿ ಕಾಯಿದೆಯನ್ನು ಜಾರಿಗೊಳಿಸುವ ಹೊಣೆ ಅದನ್ನು ರೂಪಿಸಿದವರ ಮೇಲಿರದೆ ಉತ್ತರಾಧಿಕಾರಿಯ ಮೇಲೆ ಬಿತ್ತು.

ಕಾಯಿದೆಯ ನಿಬಂಧನೆಗಳು ಕಟ್ಟುನಿಟ್ಟಾಗಿದ್ದವು. ರೋಗಿಗೆ ೧೮ ವರ್ಷ ತುಂಬಿರಬೇಕು, ರೋಗವು ಮಾರಣಾಂತಿಕವಾಗಿರಬೇಕು, ಯಾತನೆಯನ್ನು ನಿವಾರಿಸಬಲ್ಲ ಬೇರೆ ಚಿಕಿತ್ಸೆ ರೋಗಿಗೆ ಒಪ್ಪಿಗೆಯಾಗುವಂಥದ್ದಿರಬಾರದು. ಮೊದಲ ಕೋರಿಕೆಯಾದ ಏಳು ದಿನಗಳ ಬಳಿಕ ಪತ್ರಕ್ಕೆ ಸಹಿ, ಸಹಿಯಾದ ೪೮ ಗಂಟೆಗಳ ಬಳಿಕವೇ ನೆರವು. ಜಾರಿಗೆ ಬರುವ ಮುನ್ನ ೧೯೯೬ರಲ್ಲಿ ಆದ ತಿದ್ದುಪಡಿಯ ಪ್ರಕಾರ ರೋಗಿಯ ವೈದ್ಯನಲ್ಲದೆ ಆ ರೋಗದ ತಜ್ಞನೊಬ್ಬನೂ ಮನೋವೈದ್ಯನೊಬ್ಬನೂ ಪರೀಕ್ಷಿಸಿ ಒಪ್ಪಬೇಕಾಗಿತ್ತು. ವೈದ್ಯನಿಗೂ ರೋಗಿಗೂ ಮೊದಲ ಭಾಷೆ ಒಂದೇ ಅಲ್ಲದಿದ್ದಲ್ಲಿ ಅರ್ಹತೆಯುಳ್ಳ ದುಭಾಷಿ ಹಾಜರಿರಬೇಕೆಂಬ ನಿಯಮವೂ ಇತ್ತು. ಪ್ರಾಂತ್ಯದ ನಿವಾಸಿಯಾಗಿರಬೇಕೆಂಬ ಷರತ್ತು ಮಾತ್ರ ಇರಲಿಲ್ಲ.

ದುಭಾಷಿಯ ನಿಯಮವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಹತ್ತಾರು ಮೂಲನಿವಾಸಿ ಭಾಷೆಗಳು ಜೀವಂತವಾಗಿರುವ ಪ್ರದೇಶಕ್ಕೆ ಅದು ಅತ್ಯಗತ್ಯವೇ ಹೌದು. ಆದರೆ ಪ್ರಾಂತ್ಯದಲ್ಲಿ ಮೂಲನಿವಾಸಿ ದುಭಾಷಿ ಸೇವೆ ಸ್ಥಾಪನೆಯಾದದ್ದು ೨೦೦೦ದಲ್ಲಿ. ಅಂದರೆ ಸಾಮಾನ್ಯ ಕಾಯಿಲೆಯನ್ನು ರೋಗಿಯ ಭಾಷೆಯಲ್ಲಿ ವಿವರಿಸುವ ವ್ಯವಸ್ಥೆ ನೆಲೆಗೊಳ್ಳುವ ನಾಲ್ಕು ವರ್ಷ ಮೊದಲೇ, ಸಾವಿನ ಕೋರಿಕೆಯನ್ನು ಭಾಷಾಂತರಿಸುವ ನಿಯಮ ಪುಸ್ತಕದಲ್ಲಿ ಸೇರಿತ್ತು.

೩. ಅನುಷ್ಠಾನದ ಒಂಬತ್ತು ತಿಂಗಳು

ಕಾಯಿದೆಯ ವಿರುದ್ಧ ಮೊದಲ ಹೋರಾಟ ನಡೆದದ್ದು ನ್ಯಾಯಾಲಯದಲ್ಲಿ. ಆಸ್ಟ್ರೇಲಿಯದ ವೈದ್ಯಕೀಯ ಸಂಘದ ಪ್ರಾಂತೀಯ ಶಾಖೆಯ ಅಧ್ಯಕ್ಷರಾಗಿದ್ದ ಡಾ. ಕ್ರಿಸ್ಟೋಫರ್ ವೇಕ್ ಮತ್ತು ಯೂನೈಟಿಂಗ್ ಚರ್ಚಿನ ಪಾದ್ರಿಯೂ ಯೋಲ್ಙು ಜನಾಂಗದ ನಾಯಕರೂ ಆದ ರೆವರೆಂಡ್ ಜಿನಿಯಿನಿ ಗೊಂಡಾರ ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿದರು. ೧೯೯೬ರ ಜುಲೈನಲ್ಲಿ ಪ್ರಾಂತ್ಯದ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಇಬ್ಬರ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು. ವೃತ್ತಿಪರ ವೈದ್ಯನೊಬ್ಬ ಮತ್ತು ಮೂಲನಿವಾಸಿ ನಾಯಕನೊಬ್ಬ ಒಂದೇ ಅರ್ಜಿಯಲ್ಲಿ ಜೊತೆಯಾದದ್ದು ಆ ಕಾಲದ ರಾಜಕೀಯ ಹೊಂದಾಣಿಕೆಗಳ ಸ್ವರೂಪವನ್ನು ತೋರಿಸುತ್ತದೆ. ಇಬ್ಬರ ಕಾರಣಗಳೂ ಒಂದೇ ಆಗಿರಬೇಕೆಂದೇನೂ ಇರಲಿಲ್ಲ. ಶಾಸನಸಭೆಯೊಳಗೆ ಕಾಯಿದೆಯನ್ನು ಹಿಂಪಡೆಯುವ ಯತ್ನವೊಂದು ನಡೆದು ಅದೂ ಸೋತಿತು.

ಎರಡನೆಯ ತಡೆ ಸದ್ದಿಲ್ಲದ್ದು. ಕಾಯಿದೆ ಜಾರಿಯಲ್ಲಿದ್ದರೂ ಸಹಿ ಹಾಕುವ ವೈದ್ಯರು ಸಿಗಲಿಲ್ಲ. ವೈದ್ಯಕೀಯ ಸಂಘ ಕಾಯಿದೆಯನ್ನು ವಿರೋಧಿಸಿತ್ತು. ವೈದ್ಯರಿಗೆ ನಿರಾಕರಿಸುವ ಸ್ವಾತಂತ್ರ್ಯವನ್ನು ಕಾಯಿದೆಯೇ ನೀಡಿತ್ತು. ನ್ಯೂ ಸೌತ್ ವೇಲ್ಸ್‌ನ ಬ್ರೋಕನ್ ಹಿಲ್ ಊರಿನ ಟ್ಯಾಕ್ಸಿ ಚಾಲಕ ಮ್ಯಾಕ್ಸ್ ಬೆಲ್ ಕ್ಯಾನ್ಸರಿನಿಂದ ಬಳಲುತ್ತ ಸುಮಾರು ೩,೦೦೦ ಕಿಲೋಮೀಟರ್ ದೂರ ತಾನೇ ಕಾರು ನಡೆಸಿಕೊಂಡು ಡಾರ್ವಿನ್‌ಗೆ ಬಂದರು. ಅಗತ್ಯವಾದ ವೈದ್ಯರ ಸಹಿ ದೊರೆಯದೆ ಅಷ್ಟೇ ದೂರ ಮರಳಿ ಹೋಗಿ ತಮ್ಮೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಶಾಸನಸಭೆ ಕೊಟ್ಟ ಹಕ್ಕು ವೈದ್ಯನ ಲೇಖನಿಯ ತುದಿಯಲ್ಲಿ ನಿಂತುಹೋಗಬಹುದೆಂಬುದಕ್ಕೆ ಈ ಪ್ರಯಾಣ ನಿದರ್ಶನವಾಯಿತು.

೧೯೯೬ರ ಸೆಪ್ಟೆಂಬರ್ ೨೨ರಂದು ಡಾರ್ವಿನ್‌ನ ೬೬ ವರ್ಷದ ಬಡಗಿ ಬಾಬ್ ಡೆಂಟ್ ಈ ಕಾಯಿದೆಯ ಅಡಿಯಲ್ಲಿ ಸಾವನ್ನಪ್ಪಿದ ಮೊದಲ ವ್ಯಕ್ತಿಯಾದರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಿಂದ ಅವರು ವರ್ಷಗಟ್ಟಲೆ ನರಳಿದ್ದರು. ಒಕ್ಕೂಟ ಸಂಸತ್ತಿನ ಸದಸ್ಯರನ್ನು ಉದ್ದೇಶಿಸಿದ ಪತ್ರವೊಂದನ್ನು ಅವರು ಬಿಟ್ಟುಹೋದರು. ಬೇಡವೆನ್ನುವವರು ಈ ಹಕ್ಕನ್ನು ಬಳಸದಿರಲಿ, ಬೇಕೆನ್ನುವ ತನಗೆ ಅದನ್ನು ನಿರಾಕರಿಸಬಾರದು ಎಂಬುದು ಅದರ ಸಾರ. ಅವರಿಗೆ ನೆರವಾದ ಡಾ. ಫಿಲಿಪ್ ನಿಷ್ಕೆ ಒಂದು ಲ್ಯಾಪ್‌ಟಾಪ್ ಯಂತ್ರವನ್ನು ಅಳವಡಿಸಿದ್ದರು. ಪರದೆಯ ಮೇಲೆ ಬರುವ ಪ್ರಶ್ನೆಗಳಿಗೆ ರೋಗಿಯೇ ಉತ್ತರಿಸಬೇಕಿತ್ತು. ಕೊನೆಯ ಒಪ್ಪಿಗೆಯೂ ರೋಗಿಯದೇ ಆಗಿತ್ತು. ವೈದ್ಯನ ಕೈಯನ್ನು ಸಾವಿನಿಂದ ಒಂದು ಹೆಜ್ಜೆ ಹಿಂದೆ ಸರಿಸುವ ಈ ಏರ್ಪಾಡು, ದಯಾಮರಣವನ್ನು ಇಚ್ಛಾಮರಣದ ಹತ್ತಿರಕ್ಕೆ ಒಯ್ಯುವ ಪ್ರಯತ್ನವೆಂದು ತಿಳಿಯಬಹುದು. ೧೯೯೭ರ ಆರಂಭದ ತಿಂಗಳುಗಳಲ್ಲಿ ಇನ್ನೂ ಮೂವರು ಈ ಕಾಯಿದೆಯಡಿ ಸಾವನ್ನು ಪಡೆದರು. ಅವರಲ್ಲಿ ಒಬ್ಬರಾದ ಜಾನೆಟ್ ಮಿಲ್ಸ್, ತಮ್ಮ ಪತ್ರಕ್ಕೆ ಸಹಿ ಹಾಕಬಲ್ಲ ತಜ್ಞರಿಗಾಗಿ ಸಾರ್ವಜನಿಕವಾಗಿ ಮೊರೆಯಿಡಬೇಕಾಯಿತು. ಕಾಯಿದೆಯ ಆಯುಷ್ಯದಲ್ಲಿ ಸಂದ ಒಟ್ಟು ಸಾವುಗಳು ನಾಲ್ಕು.

೪. ಕಾಯಿದೆ ಕಥನವಾದ ಬಗೆ

ಡಾರ್ವಿನ್‌ನಲ್ಲಿ ಈ ವಿಷಯ ಪತ್ರಿಕೆ, ದೂರದರ್ಶನ ಮತ್ತು ನ್ಯಾಯಾಲಯಗಳ ಭಾಷೆಯಲ್ಲಿ ಚರ್ಚೆಯಾಗುತ್ತಿತ್ತು. ಆರ್ನೆಮ್‌ಲ್ಯಾಂಡ್, ಮಧ್ಯ ಮರುಭೂಮಿ, ದ್ವೀಪಗಳ ವಸತಿಗಳಲ್ಲಿ ಅದು ತಲುಪಿದ್ದು ಮಾತಿನ ಮೂಲಕ. ಸರ್ಕಾರದ ಆರೋಗ್ಯ ಕೇಂದ್ರವೆಂದರೆ ಅಲ್ಲಿ ಸಾಮಾನ್ಯವಾಗಿ ದಾದಿಯರು ನಡೆಸುವ ಸಣ್ಣ ಕ್ಲಿನಿಕ್, ಆಗಾಗ ಬಂದುಹೋಗುವ ವೈದ್ಯ, ಗಂಭೀರ ರೋಗಿಯನ್ನು ದೂರದ ನಗರಕ್ಕೆ ಒಯ್ಯುವ ವಿಮಾನ. ಈ ಪರಿಸರದಲ್ಲಿ 'ವೈದ್ಯರು ರೋಗಿಗಳನ್ನು ಸಾಯಿಸಬಹುದೆಂದು ಸರ್ಕಾರ ಕಾಯಿದೆ ಮಾಡಿದೆ' ಎಂಬ ರೂಪದಲ್ಲಿ ಸುದ್ದಿ ಹರಡಿತು. ಕೋರಿಕೆ, ಒಪ್ಪಿಗೆ, ಮೂವರು ವೈದ್ಯರು, ೪೮ ಗಂಟೆಗಳ ಕಾಯುವಿಕೆ ಎಂಬ ಷರತ್ತುಗಳೆಲ್ಲ ದಾರಿಯಲ್ಲಿ ಕಳಚಿ, ಕಥನದ ತಿರುಳೊಂದೇ ಉಳಿದಿತ್ತು. ಜನರು ಕ್ಲಿನಿಕ್ಕಿಗೆ ಬರಲು ಅಂಜುತ್ತಿದ್ದಾರೆ ಎಂಬ ಸಾಕ್ಷ್ಯವು ಮುಂದೆ ಸೆನೆಟ್ ಸಮಿತಿಯ ಎದುರಿಗೂ ಬಂತು.

ಈ ಭೀತಿಯನ್ನು ನಿವಾರಿಸಲು ಪ್ರಾಂತ್ಯ ಸರ್ಕಾರ ಮೂಲನಿವಾಸಿ ಸಮುದಾಯಗಳಲ್ಲಿ ತಿಳಿವಳಿಕೆಯ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಅದರಲ್ಲಿ ತೊಡಗಿದ್ದ ಚಿಪ್ಸ್ ಮ್ಯಾಕಿನಾಲ್ಟಿ ಮೊದಲು ಕಾಯಿದೆಯ ಪರವಾಗಿದ್ದವರು. ಸಮುದಾಯಗಳ ಮಾತನ್ನು ಕೇಳಿದ ಮೇಲೆ ಅವರು ತಮ್ಮ ನಿಲುವನ್ನು ಬದಲಿಸಿಕೊಂಡರು. ತಿಳಿಸಲು ಹೋದವನು ತಿಳಿದುಕೊಂಡು ಬಂದ ಈ ಪ್ರಸಂಗವು ಒಂದು ಸಂಗತಿಯನ್ನು ಖಚಿತಪಡಿಸುತ್ತದೆ. ಸಮಸ್ಯೆ ಮಾಹಿತಿಯ ಕೊರತೆಯದು ಮಾತ್ರವಾಗಿರಲಿಲ್ಲ.

ಸಮಸ್ಯೆಯ ಒಂದು ಎಳೆ ಸಾವಿನ ಕಾರಣವನ್ನು ಕುರಿತದ್ದು. ಉತ್ತರ ಮತ್ತು ಮಧ್ಯ ಆಸ್ಟ್ರೇಲಿಯದ ಅನೇಕ ಸಮುದಾಯಗಳಲ್ಲಿ, ಶಿಶು ಮತ್ತು ವೃದ್ಧರ ಸಾವುಗಳನ್ನು ಬಿಟ್ಟರೆ, ಸಾವಿಗೆ ಮನುಷ್ಯನ ಕೈ ಕಾರಣವಿರಬಹುದೆಂಬ ನಂಬಿಕೆಯಿದೆ. ಯೋಲ್ಙು ಜನರು 'ಗಲ್ಕ' ಎಂದು ಕರೆಯುವ ಮಾಂತ್ರಿಕ ಗುಟ್ಟಾಗಿ ಬಂದು ಕೊಲ್ಲುತ್ತಾನೆ. ಯಾರು ಮಾಡಿದರು ಎಂದು ಬಂಧುಗಳು ವಿಚಾರಿಸಬೇಕಾಗುತ್ತದೆ. ಹೊಣೆ ಹೊರಬೇಕಾದವರು ಹೊರಬೇಕಾಗುತ್ತದೆ. ಇಂಥ ವ್ಯವಸ್ಥೆಯಲ್ಲಿ ವೈದ್ಯನೊಬ್ಬ ಸೂಜಿಯಿಂದ ಸಾವು ತರುವುದು ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಆ ವೈದ್ಯ, ಒಪ್ಪಿಗೆಯ ಮಾತನ್ನು ದಾಟಿಸಿದ ದುಭಾಷಿ, ಹತ್ತಿರ ಕುಳಿತಿದ್ದ ಬಂಧು ಎಲ್ಲರೂ ಪ್ರಶ್ನೆಗೆ ಒಳಗಾಗುತ್ತಾರೆ. ಕಾಯಿದೆ ಕಲ್ಪಿಸಿದ ದುಭಾಷಿಯ ಕೆಲಸವನ್ನು ಸ್ವಂತ ಸಮುದಾಯದ ವ್ಯಕ್ತಿಯೊಬ್ಬ ನಿರ್ವಹಿಸುವುದು ಎಷ್ಟು ಅಪಾಯದ್ದೆಂಬುದು ಇದರಿಂದ ಊಹಿಸಬಹುದು.

ಕನ್ನಡದ 'ಮದ್ದು' ಎಂಬ ಪದವು ಈ ಸಂದರ್ಭವನ್ನು ಅರಿಯಲು ಸಹಾಯಕವಾಗಿದೆ. ಮದ್ದು ರೋಗ ಕಳೆಯುವ ಔಷಧಿ. 'ಮದ್ದು ಹಾಕಿದರು' ಎಂದರೆ ಅನ್ನದಲ್ಲಿ ವಿಷ ಬೆರೆಸಿದರೆಂಬ ಆರೋಪ. ಕೊಟ್ಟ ಕೈಯನ್ನು ನಂಬಿದರೆ ಮೊದಲ ಅರ್ಥ, ನಂಬದಿದ್ದರೆ ಎರಡನೆಯದು. ಕ್ಲಿನಿಕ್ಕಿನ ಬಿಳಿಯ ದಾದಿ ಕೊಡುವ ಮದ್ದು ಯಾವ ಅರ್ಥದ್ದು ಎಂಬ ಪ್ರಶ್ನೆಯನ್ನು ಕಾಯಿದೆ ಹುಟ್ಟಿಸಲಿಲ್ಲ; ಹಳೆಯ ಪ್ರಶ್ನೆಯನ್ನು ಮತ್ತೆ ಎಬ್ಬಿಸಿತು.

ಇನ್ನೊಂದು ಎಳೆ 'ಕಾನೂನು' ಎಂಬ ಕಲ್ಪನೆಯದು. ಯೋಲ್ಙು ಭಾಷೆಗಳ 'ರೊಮ್' ಎಂಬ ಪದ ಪೂರ್ವಜ ಶಕ್ತಿಗಳು ನೆಲದೊಂದಿಗೆ ಇಟ್ಟುಹೋದ ಕಟ್ಟಳೆಯನ್ನು ಸೂಚಿಸುತ್ತದೆ. ಅದನ್ನು ಮನುಷ್ಯರು ಕೂಡಿ ಮತ ಎಣಿಸಿ ಬದಲಾಯಿಸಲಾಗದು. ಒಂದು ರಾತ್ರಿಯ ಚರ್ಚೆಯ ಕೊನೆಗೆ ೧೫ ಕೈಗಳು ಮೇಲೆದ್ದು ಸಾವಿನ ನಿಯಮವೇ ಬದಲಾಯಿತು ಎಂಬ ಸಂಗತಿ ಈ ದೃಷ್ಟಿಯಿಂದ ವಿಚಿತ್ರವಾದದ್ದು. ಸಾಯುವವನು ತನ್ನ ನೆಲಕ್ಕೆ ಮರಳುವುದು, ಬಂಧುಗಳು ಸುತ್ತ ನೆರೆಯುವುದು, ಸತ್ತ ಬಳಿಕ ಮನೆಗೆ ಹೊಗೆಯಿಕ್ಕಿ ಶುದ್ಧಿಗೊಳಿಸುವುದು, ಮೃತನ ಹೆಸರನ್ನು ಕೆಲಕಾಲ ಉಚ್ಚರಿಸದಿರುವುದು, ಮಧ್ಯ ಆಸ್ಟ್ರೇಲಿಯದಲ್ಲಿ ಅದೇ ಹೆಸರಿನ ಬೇರೆಯವರನ್ನೂ 'ಕುಮಂಜಾಯಿ' ಎಂಬ ಬದಲಿ ಹೆಸರಿನಿಂದ ಕರೆಯುವುದು, ಇವೆಲ್ಲವೂ ಸಾವು ಒಬ್ಬನ ಸೊತ್ತಲ್ಲವೆಂಬ ತಿಳಿವಳಿಕೆಯ ಅಂಗಗಳು. ಕಾಯಿದೆಯಾದರೋ ಸಹಿ ಹಾಕುವ ಒಬ್ಬ ವ್ಯಕ್ತಿಯನ್ನು ಆಧಾರವಾಗಿಟ್ಟುಕೊಂಡಿತ್ತು.

೫. ವದಂತಿಯ ಹಿಂದಿನ ಇತಿಹಾಸ

ಕಾಯಿದೆಯ ಪರವಾಗಿದ್ದವರು ಈ ಭೀತಿಯನ್ನು ತಪ್ಪು ತಿಳಿವಳಿಕೆಯೆಂದು ಕರೆದರು. ಕಾಯಿದೆಯ ಅಕ್ಷರವನ್ನು ನೋಡಿದರೆ ಅವರ ಮಾತು ಸರಿ. ಯಾರನ್ನೂ ಅವರ ಕೋರಿಕೆಯಿಲ್ಲದೆ ಕೊಲ್ಲುವ ಅವಕಾಶ ಅದರಲ್ಲಿರಲಿಲ್ಲ. ಆದರೆ ವದಂತಿಯನ್ನು ಕೇವಲ ತಪ್ಪು ಮಾಹಿತಿಯಾಗಿ ಕಾಣುವುದು ಇತಿಹಾಸಕಾರನ ವಿಧಾನವಲ್ಲ. ಭಾರತದ ರೈತ ಬಂಡಾಯಗಳನ್ನು ಅಭ್ಯಸಿಸಿದ ರಣಜಿತ್ ಗುಹಾ ಅವರು ೧೯೮೩ರಲ್ಲಿಯೂ, ವಸಾಹತುಶಾಹಿ ಆಫ್ರಿಕದ ರಕ್ತಹೀರುವವರ ಕಥನಗಳನ್ನು ಅಭ್ಯಸಿಸಿದ ಲೂಯಿಸ್ ವೈಟ್ ಅವರು ೨೦೦೦ದಲ್ಲಿಯೂ ಪ್ರಕಟಿಸಿದ ಗ್ರಂಥಗಳು ವದಂತಿಯನ್ನು ಐತಿಹಾಸಿಕ ಆಕರವಾಗಿ ಪರಿಗಣಿಸುವ ಮಾರ್ಗವನ್ನು ತೋರಿವೆ. ೧೮೯೬ರಲ್ಲಿ ಮುಂಬಯಿಯ ಪ್ಲೇಗ್ ಸಂದರ್ಭದಲ್ಲಿ, ಆಸ್ಪತ್ರೆಗೆ ಒಯ್ದವರನ್ನು ಕೊಲ್ಲುತ್ತಾರೆಂಬ ಸುದ್ದಿ ಹಬ್ಬಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದ್ದರು. ಆ ಸುದ್ದಿಯ ವಿವರ ಸುಳ್ಳಾಗಿತ್ತು. ಮನೆಗೆ ನುಗ್ಗಿ ರೋಗಿಗಳನ್ನು ಬಲವಂತವಾಗಿ ಒಯ್ಯುವ ಆಡಳಿತದ ಅನುಭವ ಸುಳ್ಳಾಗಿರಲಿಲ್ಲ.

ಉತ್ತರ ಪ್ರಾಂತ್ಯದ ಮೂಲನಿವಾಸಿಗಳಿಗೂ ಇಂಥ ಅನುಭವದ ಸಂಚಯವಿತ್ತು. ೧೯೨೮ರಲ್ಲಿ ಕೋನಿಸ್ಟನ್‌ನಲ್ಲಿ ಪೊಲೀಸ್ ತಂಡ ನಡೆಸಿದ ಹತ್ಯಾಕಾಂಡದಲ್ಲಿ ಸತ್ತವರು ೩೧ ಎಂದು ಅಧಿಕೃತ ವಿಚಾರಣೆ ಹೇಳಿತು. ಸಮುದಾಯಗಳ ಮೌಖಿಕ ಇತಿಹಾಸ ಅದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯನ್ನು ಹೇಳುತ್ತದೆ. ಡಾರ್ವಿನ್ ಬಳಿಯ ಚಾನೆಲ್ ದ್ವೀಪದಲ್ಲಿ ೧೯೩೧ರಿಂದ ೧೯೫೫ರವರೆಗೆ ಕುಷ್ಠರೋಗಿಗಳನ್ನು ಬಂಧುಗಳಿಂದ ಬೇರ್ಪಡಿಸಿ ಇರಿಸಲಾಗಿತ್ತು. ಮಿಶ್ರ ಸಂತಾನದ ಮಕ್ಕಳನ್ನು ತಾಯಂದಿರಿಂದ ಕಸಿದು ಸಂಸ್ಥೆಗಳಿಗೆ ಒಯ್ಯಲಾಗಿತ್ತು; ಇದನ್ನು ಕುರಿತ ರಾಷ್ಟ್ರೀಯ ವಿಚಾರಣಾ ವರದಿ ಸಂಸತ್ತಿನಲ್ಲಿ ಮಂಡನೆಯಾದದ್ದು ೧೯೯೭ರ ಮೇನಲ್ಲಿ, ಅಂದರೆ ದಯಾಮರಣ ಕಾಯಿದೆ ರದ್ದಾದ ಎರಡೇ ತಿಂಗಳ ಬಳಿಕ. ಪೊಲೀಸರ ಹಾಗೂ ಸೆರೆಮನೆಗಳ ವಶದಲ್ಲಿ ಆದ ೯೯ ಮೂಲನಿವಾಸಿಗಳ ಸಾವನ್ನು ಪರಿಶೀಲಿಸಿದ ರಾಯಲ್ ಆಯೋಗ ೧೯೯೧ರಲ್ಲಿ ವರದಿ ನೀಡಿತ್ತು. ಬಿಳಿಯರು ಕೊಟ್ಟ ಹಿಟ್ಟಿನಲ್ಲಿ ವಿಷವಿತ್ತೆಂಬ ಕಥನಗಳು ಆಸ್ಟ್ರೇಲಿಯದ ಹಲವು ಭಾಗಗಳ ಮೌಖಿಕ ಪರಂಪರೆಯಲ್ಲಿವೆ.

ಹೀಗೆ ನೋಡಿದಾಗ, 'ಸರ್ಕಾರದ ವೈದ್ಯರು ಸಾಯಿಸಬಹುದಂತೆ' ಎಂಬ ಮಾತು ೧೯೯೫ರ ಕಾಯಿದೆಯ ತಪ್ಪು ಅನುವಾದ ಮಾತ್ರವಲ್ಲ; ಅದು ಆ ಹಿಂದಿನ ನೂರು ವರ್ಷಗಳ ಸಾರಾಂಶವೂ ಹೌದು. ಶಾಸನಕಾರರು ಕಾಯಿದೆಯನ್ನು ಅದರ ನಿಬಂಧನೆಗಳಿಂದ ಅಳೆದರು. ಸಮುದಾಯಗಳು ಅದನ್ನು ಮಾಡಿದವರ ಚರಿತ್ರೆಯಿಂದ ಅಳೆದವು.

೬. ಕ್ಯಾನ್‌ಬೆರಾದ ತೀರ್ಮಾನ

ವಿಕ್ಟೋರಿಯ ರಾಜ್ಯದಿಂದ ಆಯ್ಕೆಯಾಗಿದ್ದ ಲಿಬರಲ್ ಪಕ್ಷದ ಸದಸ್ಯ ಕೆವಿನ್ ಆ್ಯಂಡ್ರೂಸ್ ೧೯೯೬ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಸಂಸತ್ತಿನಲ್ಲಿ 'ದಯಾಮರಣ ಕಾನೂನುಗಳ ಮಸೂದೆ'ಯನ್ನು ಮಂಡಿಸಿದರು. ಇದೂ ಖಾಸಗಿ ಸದಸ್ಯರ ಮಸೂದೆ, ಇಲ್ಲಿಯೂ ಆತ್ಮಸಾಕ್ಷಿಯ ಮತ. ಪ್ರಧಾನಿ ಜಾನ್ ಹವಾರ್ಡ್ ಮತ್ತು ವಿರೋಧ ಪಕ್ಷದ ನಾಯಕ ಕಿಮ್ ಬೀಜ್ಲಿ ಇಬ್ಬರೂ ಇದನ್ನು ಬೆಂಬಲಿಸಿದರು. ಪ್ರತಿನಿಧಿ ಸಭೆ ಡಿಸೆಂಬರ್ ೯ರಂದು ೮೮ಕ್ಕೆ ೩೫ ಮತಗಳಿಂದ ಒಪ್ಪಿತು. ಸೆನೆಟ್ ಸಮಿತಿಗೆ ೧೨,೦೦೦ಕ್ಕೂ ಹೆಚ್ಚು ಮನವಿಗಳು ಬಂದವು. ೧೯೯೭ರ ಮಾರ್ಚ್ ೨೪ರ ರಾತ್ರಿಯ ಅಧಿವೇಶನದಲ್ಲಿ ಸೆನೆಟ್ ೩೮ಕ್ಕೆ ೩೩ ಮತಗಳಿಂದ ಅಂಗೀಕರಿಸಿತು. ಮಾರ್ಚ್ ೨೭ರಂದು ಅಂಕಿತ ದೊರೆಯಿತು. ಉತ್ತರ ಪ್ರಾಂತ್ಯ, ರಾಜಧಾನಿ ಪ್ರಾಂತ್ಯ ಹಾಗೂ ನಾರ್ಫೋಕ್ ದ್ವೀಪ ಈ ಮೂರರ ಶಾಸನಸಭೆಗಳೂ ಇಂಥ ಕಾಯಿದೆ ಮಾಡುವ ಅಧಿಕಾರವನ್ನು ಕಳೆದುಕೊಂಡವು.

ಎರಡು ಕಾಯಿದೆಗಳ ಪದಾವಳಿಯನ್ನು ಹೋಲಿಸುವುದು ಉಪಯುಕ್ತ. ಡಾರ್ವಿನ್‌ನ ಕಾಯಿದೆ 'ಹಕ್ಕು', 'ಕೋರಿಕೆ', 'ನೆರವು' ಎಂಬ ಪದಗಳನ್ನು ಬಳಸಿತು. ಕ್ಯಾನ್‌ಬೆರಾದ ಕಾಯಿದೆ ಅದೇ ಕ್ರಿಯೆಯನ್ನು ಉದ್ದೇಶಪೂರ್ವಕವಾಗಿ ಇನ್ನೊಬ್ಬನನ್ನು ಕೊಲ್ಲುವ ಒಂದು ಬಗೆಯೆಂದು ವಿವರಿಸಿತು. ಚಿಕಿತ್ಸೆಯನ್ನು ತಡೆಹಿಡಿಯುವುದು, ಉಪಶಾಮಕ ಆರೈಕೆ ನೀಡುವುದು ಇವುಗಳಿಗೆ ಅದು ಅಡ್ಡಿಪಡಿಸಲಿಲ್ಲ. ಪದದ ಮಟ್ಟದಲ್ಲಿ ಕ್ಯಾನ್‌ಬೆರಾದ ಶಾಸನವೂ ಆರ್ನೆಮ್‌ಲ್ಯಾಂಡಿನ ವದಂತಿಯೂ ಒಂದೇ ಮಾತನ್ನು ಆಡ್ತಿದ್ದಂತೆ ತೋರುತ್ತದೆ. ಆದರೆ ಒಂದರ ಹಿಂದೆ ಇದ್ದದ್ದು ಜೀವದ ಪಾವಿತ್ರ್ಯದ ಸಿದ್ಧಾಂತ ಹಾಗೂ ವೈದ್ಯವೃತ್ತಿಯ ನೀತಿ. ಇನ್ನೊಂದರ ಹಿಂದೆ ಇದ್ದದ್ದು ಪ್ರಭುತ್ವದ ಬಗೆಗಿನ ಅಪನಂಬಿಕೆ. ಕಾಯಿದೆಯನ್ನು ರದ್ದುಪಡಿಸಿದ್ದರಿಂದ ಮೊದಲನೆಯದಕ್ಕೆ ಉತ್ತರ ದೊರೆಯಿತು. ಎರಡನೆಯದಕ್ಕೆ ಉತ್ತರ ದೊರೆಯಬೇಕಾದರೆ ಬದಲಾಗಬೇಕಾದದ್ದು ಆಸ್ಪತ್ರೆ, ಭಾಷೆ ಮತ್ತು ಅಧಿಕಾರದ ಸಂಬಂಧ.

ಮೂಲನಿವಾಸಿಗಳ ಭೀತಿ ಸಂಸತ್ತಿನ ಚರ್ಚೆಯಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಯಿತು. ಮಸೂದೆಯ ಬೆಂಬಲಿಗರಿಗೆ ಅದು ಪ್ರಬಲ ವಾದವಾಯಿತು. ಪ್ರಾಂತ್ಯದ ನಾಯಕರು ಅದಕ್ಕೆ ಪ್ರತಿಯಾಗಿ ಪ್ರಾಂತ್ಯದ ಹಕ್ಕಿನ ಮಾತನ್ನಾಡಿದರು. ಕ್ಯಾನ್‌ಬೆರಾದ ಹಸ್ತಕ್ಷೇಪ ತಮ್ಮ ಮತದಾರರನ್ನು ಎರಡನೆಯ ದರ್ಜೆಯ ಪ್ರಜೆಗಳನ್ನಾಗಿಸುತ್ತದೆ ಎಂಬುದು ಅವರ ಆಕ್ಷೇಪ. ೧೪೮ ಸದಸ್ಯರ ಪ್ರತಿನಿಧಿ ಸಭೆಯಲ್ಲಿ ಪ್ರಾಂತ್ಯಕ್ಕಿದ್ದದ್ದು ಒಂದು ಸ್ಥಾನ, ೭೬ ಸದಸ್ಯರ ಸೆನೆಟ್‌ನಲ್ಲಿ ಎರಡು. ಈ ಆಕ್ಷೇಪದಲ್ಲಿ ನ್ಯಾಯವಿತ್ತು. ಆದರೆ ಎರಡನೆಯ ದರ್ಜೆಯ ಪ್ರಜೆಗಳ ಮಾತು ಬಂದಾಗ ಇನ್ನೊಂದು ಸಂಗತಿಯನ್ನೂ ದಾಖಲಿಸಬೇಕು. ೧೯೯೬–೯೭ರ ಆ ಸಂಸತ್ತಿನ ಎರಡೂ ಸದನಗಳಲ್ಲಿ ಮೂಲನಿವಾಸಿ ಸದಸ್ಯರಾಗಿ ಯಾರೂ ಇರಲಿಲ್ಲ. ನೆವಿಲ್ ಬಾನರ್ ೧೯೮೩ರಲ್ಲಿ ಸೆನೆಟ್ ತೊರೆದಿದ್ದರು. ಏಡನ್ ರಿಜ್ವೇ ಅಲ್ಲಿಗೆ ಬಂದದ್ದು ೧೯೯೯ರಲ್ಲಿ. ಯಾರ ಭೀತಿಯನ್ನು ಮುಂದಿಟ್ಟು ವಾದ ನಡೆಯಿತೋ ಅವರ ಒಂದು ಮತವೂ ಆ ೮೮ರಲ್ಲಿ ಅಥವಾ ೩೫ರಲ್ಲಿ, ಆ ೩೮ರಲ್ಲಿ ಅಥವಾ ೩೩ರಲ್ಲಿ ಇರಲಿಲ್ಲ.

೭. ಕಾಲು ಶತಮಾನದ ಬಳಿಕ

ಪೂರ್ಣ ರಾಜ್ಯದ ಸ್ಥಾನ ದೊರೆತಿದ್ದರೆ ಇಂಥ ಹಸ್ತಕ್ಷೇಪಕ್ಕೆ ಆಸ್ಪದವಿರುತ್ತಿರಲಿಲ್ಲ. ಆದರೆ ೧೯೯೮ರ ಅಕ್ಟೋಬರ್ ೩ರಂದು ನಡೆದ ಜನಮತಗಣನೆಯಲ್ಲಿ ಪ್ರಾಂತ್ಯದ ಮತದಾರರು ಅಲ್ಪ ಅಂತರದಿಂದ ಅದನ್ನು ತಿರಸ್ಕರಿಸಿದರು. ರೂಪಿತವಾದ ರಾಜ್ಯ ಸಂವಿಧಾನದಲ್ಲಿ ತಮ್ಮ ಹಿತಗಳಿಗೆ ರಕ್ಷಣೆಯಿಲ್ಲವೆಂಬ ಮೂಲನಿವಾಸಿ ಸಂಘಟನೆಗಳ ವಿರೋಧವೂ ಅದಕ್ಕೆ ಒಂದು ಕಾರಣವಾಗಿತ್ತು. ಅಪನಂಬಿಕೆ ಒಂದು ವಿಷಯಕ್ಕೆ ಸೀಮಿತವಾಗಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ನಡುವೆ ರಾಜ್ಯಗಳು ಮುಂದೆ ಸಾಗಿದವು. ವಿಕ್ಟೋರಿಯ ೨೦೧೭ರಲ್ಲಿ ಕಾಯಿದೆ ಮಾಡಿ ೨೦೧೯ರಲ್ಲಿ ಜಾರಿಗೆ ತಂದಿತು. ೨೦೨೩ರ ಅಂತ್ಯದ ಹೊತ್ತಿಗೆ ಆರೂ ರಾಜ್ಯಗಳಲ್ಲಿ ಇಂಥ ಕಾಯಿದೆ ಜಾರಿಯಲ್ಲಿತ್ತು. ಪ್ರಾಂತ್ಯಗಳ ಮೇಲಿನ ನಿಷೇಧ ತೆರವುಗೊಳಿಸುವ ಮಸೂದೆ ೨೦೧೮ರ ಆಗಸ್ಟ್‌ನಲ್ಲಿ ಸೆನೆಟ್‌ನಲ್ಲಿ ೩೪ಕ್ಕೆ ೩೬ ಮತಗಳಿಂದ ಸೋತಿತು. ಆಗ ಸೆನೆಟ್‌ನಲ್ಲಿದ್ದ ಯಾವುರು ಜನಾಂಗದ ಪ್ಯಾಟ್ ಡಾಡ್ಸನ್ ಮಸೂದೆಯನ್ನು ವಿರೋಧಿಸಿ ಮಾತನಾಡಿದರು. ಆರೋಗ್ಯದ ಎಲ್ಲ ಹಂತಗಳಲ್ಲಿ ಈಗಾಗಲೇ ಹಿಂದುಳಿದಿರುವ ತಮ್ಮ ಜನರನ್ನು ಇದು ಇನ್ನಷ್ಟು ದುರ್ಬಲಗೊಳಿಸುತ್ತದೆ ಎಂಬುದು ಅವರ ನಿಲುವಿನ ಸಾರ. ೧೯೯೭ರಲ್ಲಿ ಇತರರು ಉಲ್ಲೇಖಿಸಿದ್ದ ವಾದವನ್ನು ಈಗ ಮೂಲನಿವಾಸಿ ಸದಸ್ಯರೊಬ್ಬರು ಮತಾಧಿಕಾರದೊಂದಿಗೆ ಮಂಡಿಸಿದರೆಂಬುದು ಗಮನಾರ್ಹ. ಕೊನೆಗೆ ೨೦೨೨ರ ಡಿಸೆಂಬರ್‌ನಲ್ಲಿ ಸಂಸತ್ತು ನಿಷೇಧವನ್ನು ತೆಗೆದುಹಾಕಿತು. ರಾಜಧಾನಿ ಪ್ರಾಂತ್ಯ ೨೦೨೪ರಲ್ಲಿ ಕಾಯಿದೆ ಮಾಡಿ, ೨೦೨೫ರ ನವೆಂಬರ್ ೩ರಂದು ಜಾರಿಗೆ ತಂದಿತು. ಜಗತ್ತಿಗೆ ಮೊದಲು ಇಂಥ ಕಾಯಿದೆ ಜಾರಿಗೆ ತಂದ ಉತ್ತರ ಪ್ರಾಂತ್ಯ ಮಾತ್ರ ಆ ದಿನ ಮುಖ್ಯಭೂಮಿಯಲ್ಲಿ ಈ ಕಾಯಿದೆಯಿಲ್ಲದ ಏಕೈಕ ಆಡಳಿತ ಪ್ರದೇಶವಾಗಿ ಉಳಿದಿತ್ತು. ಅಲ್ಲಿಯ ತಜ್ಞರ ಸಮಿತಿಯೊಂದು ೨೦೨೪ರಲ್ಲಿ ಹೊಸ ಕಾಯಿದೆಯನ್ನು ಶಿಫಾರಸು ಮಾಡಿದೆ.

೮. ಸಮಾರೋಪ

ಉತ್ತರ ಪ್ರಾಂತ್ಯದ ಸಂಘರ್ಷದಲ್ಲಿ ಮೂರು ಬಗೆಯ ಅಧಿಕಾರಗಳು ಎದುರುಬದುರಾದವು. ತನ್ನ ಯಾತನೆಗೆ ತಾನೇ ಕೊನೆ ಹೇಳುವ ವ್ಯಕ್ತಿಯ ಅಧಿಕಾರ, ತನ್ನ ಕಾಯಿದೆಯನ್ನು ತಾನೇ ಮಾಡಿಕೊಳ್ಳುವ ಪ್ರಾಂತ್ಯದ ಅಧಿಕಾರ, ಸಾವನ್ನು ತನ್ನ ಕಟ್ಟಳೆಯಂತೆ ನಿರ್ವಹಿಸುವ ಸಮುದಾಯದ ಅಧಿಕಾರ. ಬಾಬ್ ಡೆಂಟ್ ಅವರ ಪತ್ರವನ್ನು ಹಗುರವಾಗಿ ಕಾಣುವಂತಿಲ್ಲ. ಮ್ಯಾಕ್ಸ್ ಬೆಲ್ ಕ್ರಮಿಸಿದ ದಾರಿಯನ್ನೂ ಮರೆಯುವಂತಿಲ್ಲ. ಹಾಗೆಯೇ ಕ್ಲಿನಿಕ್ಕಿನ ಬಾಗಿಲಲ್ಲಿ ಹಿಂಜರಿದವರ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಮೊದಲ ಎರಡು ಅಧಿಕಾರಗಳಿಗೆ ಕಾಯಿದೆಯ ಭಾಷೆ ಇತ್ತು. ಮೂರನೆಯದು ಆ ಭಾಷೆಗೆ ಬಂದದ್ದು ಸಾಕ್ಷ್ಯದ ರೂಪದಲ್ಲಿ ಮಾತ್ರ.

ಕನ್ನಡ ನಾಡಿಗೂ ಈ ಪ್ರಶ್ನೆ ದೂರದ್ದಲ್ಲ. ಉತ್ತರ ಕನ್ನಡದ ಹಳದೀಪುರ ಮೂಲದ ದಾದಿ ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ ೨೦೧೧ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ವಿಷಯದಲ್ಲಿ ಮಾರ್ಗಸೂಚಿ ನೀಡಿತು. ೨೦೧೮ರ ತೀರ್ಪು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿತು. ೨೦೨೩ರಲ್ಲಿ ಅದರ ವಿಧಾನ ಸರಳವಾಯಿತು. ೨೦೨೫ರ ಜನವರಿ ೩೦ರಂದು ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಅನುಷ್ಠಾನಗೊಳಿಸುವ ಸುತ್ತೋಲೆ ಹೊರಡಿಸಿತು. ಅದು ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಸೀಮಿತವಾದದ್ದು. ವೈದ್ಯನು ಸಾವಿಗೆ ಮದ್ದು ಕೊಡುವುದಕ್ಕೆ ಅದರಲ್ಲಿ ಅವಕಾಶವಿಲ್ಲ. ಆದರೆ ಆಸ್ಪತ್ರೆಯ ಹೊರಗಿನ ಮಾತಿನಲ್ಲಿ ಎರಡಕ್ಕೂ ಇರುವ ಹೆಸರು 'ದಯಾಮರಣ' ಒಂದೇ. ಸುತ್ತೋಲೆ ತಾಲೂಕು ಆಸ್ಪತ್ರೆಯ ಪಡಸಾಲೆಯಲ್ಲಿ ಯಾವ ಮಾತಾಗಿ ಕೇಳಿಸುತ್ತದೆ, ವೈದ್ಯರ ಮೇಲಿನ ನಂಬಿಕೆ ಕಡಿಮೆಯಿರುವ ಸಮುದಾಯಗಳಲ್ಲಿ ಯಾವ ಕಥನವಾಗುತ್ತದೆ ಎಂಬುದನ್ನು ಗಮನಿಸಿ ದಾಖಲಿಸುವುದು ಜಾನಪದ ವಿದ್ವಾಂಸರ ಮುಂದಿರುವ ಕೆಲಸ. ಉತ್ತರ ಪ್ರಾಂತ್ಯದಲ್ಲಿ ತಿಳಿವಳಿಕೆಯ ಕಾರ್ಯಕ್ರಮದ ಮೂಲಕ ಆ ಮಾತುಗಳು ಕೇಳಿಬಂದದ್ದು ಕಾಯಿದೆಗೆ ಅಂಕಿತ ಬಿದ್ದ ಮೇಲೆ. ಅದನ್ನು ಮೊದಲೇ ಕೇಳುವ ಅವಕಾಶ ಇಲ್ಲಿ ಇನ್ನೂ ಇದೆ.